ಭೂತಗನ್ನಡಿಯಲ್ಲಿ ನಿಂತವಳು

ತುರುವೇಕೆರೆಯ ಸುತ್ತಮುತ್ತ ಯಾರಾದರೂ ತೀರಿಕೊಂಡರೆ, ಮಣ್ಣು ಮುಗಿದ ಮಾರನೆಯ ದಿನ ಮನೆಯವರು ಬರುತ್ತಿದ್ದುದು ನಂಜುಂಡಪ್ಪನ ಸ್ಟುಡಿಯೋಗೆ. ತಿಥಿಗೆ ಹಾರ ಹಾಕಲು ಒಂದು ಫೋಟೊ ಬೇಕು. ಎಷ್ಟೋ ಮನೆಗಳಲ್ಲಿ ಅಂಥದ್ದು ಇರುತ್ತಲೇ ಇರಲಿಲ್ಲ. ಆಧಾರ್ ಕಾರ್ಡಿನದೊಂದು, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಮುಖ, ಅದೂ ಇಲ್ಲದಿದ್ದರೆ ತೋಟದಲ್ಲಿ ಕಾಯಿ ಸುಲಿಯುವಾಗ ಮೊಮ್ಮಕ್ಕಳು ಮೊಬೈಲಿನಲ್ಲಿ ಹೊಡೆದದ್ದು. ನಂಜುಂಡಪ್ಪ ಅದನ್ನೇ ಕಂಪ್ಯೂಟರಿಗೆ ಹಾಕಿಕೊಂಡು, ಹೆಗಲ ಮೇಲಿದ್ದ ಪಕ್ಕದವರ ಕೈ ತೆಗೆದು, ಬನಿಯನ್ ಇದ್ದಲ್ಲಿ ಜುಬ್ಬ ತೊಡಿಸಿ, ಹಣೆಗೆ ವಿಭೂತಿ ಎಳೆದು, ಹಿಂದಿನ ಹುಲ್ಲಿನ ಮೆದೆ ಅಳಿಸಿ ನೀಲಿ ಬಣ್ಣ ತುಂಬುತ್ತಿದ್ದ. ಮುಖದಲ್ಲಿ ಏನಾದರೂ ಅಳಿಸಿಹೋಗಿದ್ದರೆ ಅದನ್ನೂ ಅಂದಾಜಿನ ಮೇಲೆ ತುಂಬುತ್ತಿದ್ದ. ಮನೆಯವರು ನೋಡಿ, "ಬದುಕಿದ್ದಂಗೇ ಅವ್ರೆ ಕಣ್ರೀ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಅರವತ್ತು ದಾಟುತ್ತಿದ್ದಂತೆ ಅವನ ಕಣ್ಣಿನ ನಡುಭಾಗ ಹೋಗತೊಡಗಿತು. ಮೊದಲು ಬಸ್ಸಿನ ಬೋರ್ಡಿನಲ್ಲಿ ನಡುವಿನ ಅಕ್ಷರಗಳು ಮಾಯವಾದವು, ಆಮೇಲೆ ಮುಖಗಳು. ಎದುರಿಗೆ ಕೂತವರ ಕಿವಿ, ಕೂದಲು, ಭುಜ ಕಾಣುತ್ತಿದ್ದವು. ಮುಖ ಇರಬೇಕಾದ ಜಾಗದಲ್ಲಿ ಒದ್ದೆ ಬೆರಳಿನಿಂದ ಉಜ್ಜಿದಂತೆ ಒಂದು ಮಬ್ಬು. ಕಣ್ಣೊಳಗಿನ ಪರದೆಯ ನಡುಭಾಗ ಸವೆದಿದೆ, ಹೋದದ್ದು ಮತ್ತೆ ಬರುವುದಿಲ್ಲ, ಅಂಚಿನ ನೋಟ ಉಳಿಯುತ್ತದೆ ಎಂದರು ತುಮಕೂರಿನ ಕಣ್ಣಿನ ಡಾಕ್ಟರು.

ಕ್ಯಾಮೆರಾವನ್ನು ಮಗಳು ಧನ್ಯಶ್ರೀ ಕೈಗೆತ್ತಿಕೊಂಡಳು. ಅಪ್ಪ ಸುಮ್ಮನೆ ಬಾಗಿಲಲ್ಲಿ ಕೂರುವುದನ್ನು ನೋಡಲಾರದೆ ಅವಳೇ ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ಹುಡುಕಿ ಹಾಕಿಕೊಟ್ಟಳು. ಕಣ್ಣು ಮಂದವಾದವರಿಗೆಂದು ಕೆಲವರು ಸೇರಿ ಬಿಡುವಿನ ವೇಳೆಯಲ್ಲಿ ಮಾಡಿ ಪುಕ್ಕಟೆ ಹಂಚುತ್ತಿದ್ದ ಸಾಫ್ಟ್‌ವೇರ್ ಅದು. ಮೌಸ್ ಹೋದಲ್ಲೆಲ್ಲ ಪರದೆಯ ಮೇಲೆ ಒಂದು ಚೌಕ ಹೋಗುತ್ತದೆ, ಅದರ ಕೆಳಗೆ ಬಿದ್ದದ್ದೆಲ್ಲ ಹಿಗ್ಗಿ ಕಾಣುತ್ತದೆ. ಅದರ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತದೆ ನಂಜುಂಡಪ್ಪ ಅದನ್ನು ಭೂತಗನ್ನಡಿ ಎಂದೇ ಕರೆದ. ಫೋಟೊದ ಒಂದು ಕಣ್ಣೇ ಇಡೀ ಚೌಕ ತುಂಬುವಷ್ಟು ದೊಡ್ಡದು ಮಾಡಿಕೊಂಡು, ಕತ್ತು ತಿರುಗಿಸಿ, ಓರೆನೋಟದಲ್ಲಿ ನೋಡುತ್ತ ಕೆಲಸ ಮಾಡುವುದನ್ನು ಕಲಿತ. ನಿಧಾನವಾಗಿಯಾದರೂ ಸತ್ತವರು ಮತ್ತೆ ಅವನ ಕೈಯಿಂದಲೇ ಗೋಡೆಗೆ ಹೋಗತೊಡಗಿದರು.

ಹಾಲ್ಕುರಿಕೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಫೋಟೊ ಬಂದಾಗ ಶುರುವಾಯಿತು ಅದು. ಸುಣ್ಣದ ಗೋಡೆಗೆ ಒರಗಿ ನಿಂತ ಮುದುಕ. ಕೆನ್ನೆಯ ಮೇಲಿನ ನೆರಳು ತೆಗೆಯಬೇಕಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತ ನಂಜುಂಡಪ್ಪ ಚೌಕವನ್ನು ಕೆನ್ನೆಯ ಮೇಲೆ ತಂದು ನಿಲ್ಲಿಸಿದ. ಮುದುಕನ ಕಿವಿಯ ಪಕ್ಕದಲ್ಲಿ ಒಬ್ಬ ಹೆಂಗಸಿನ ಮುಖ ಕಂಡಿತು.

ಮೊದಲು ಅವನಿಗಾದದ್ದು ಭಯವಲ್ಲ, ಬೆರಗು. ಸ್ವಂತ ಮಗಳ ಮುಖವನ್ನೇ ಅಷ್ಟು ಸ್ಪಷ್ಟವಾಗಿ ನೋಡಿ ಎಷ್ಟು ಕಾಲವಾಗಿತ್ತೋ! ನಲವತ್ತರ ಆಸುಪಾಸಿನ ಹೆಂಗಸು. ಎಣ್ಣೆ ಹಾಕಿ ಬಾಚಿದ ಬೈತಲೆ, ಅದರ ಮೇಲೆ ಕೆಂಪು ಸೆರಗು, ಅಗಲವಾದ ಕಣ್ಣು. ರೆಪ್ಪೆಯ ಕೂದಲು ಒಂದೊಂದಾಗಿ ಕಾಣುತ್ತಿತ್ತು. ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ಮೌಸ್ ಸರಿಸಿದ. ಚೌಕದ ಜೊತೆ ಅವಳೂ ಸರಿದಳು.

"ಧನ್ಯಾ, ಬಾವ್ವ ಇಲ್ಲಿ. ಈ ಯಜಮಾನ್ರ ಪಕ್ಕ ಒಂದು ಹೆಂಗ್ಸು ನಿಂತವ್ಳಲ್ಲ, ಅವ್ರ ಮನೇವ್ರಾ?"

ಧನ್ಯಶ್ರೀ ಬಗ್ಗಿ ನೋಡಿದಳು. "ಯಾವ ಹೆಂಗ್ಸಪ್ಪ? ಬರೀ ಗೋಡೆ ಐತೆ."

"ಕಿವಿ ಪಕ್ಕ ನೋಡು."

"ಗೋಡೆ ಕಣಪ್ಪ. ಸುಣ್ಣ ಕಿತ್ತೈತೆ, ಅಷ್ಟೆ."

"ಸರಿ ಬುಡು" ಎಂದು ಅವಳನ್ನು ಕಳಿಸಿದ. ಅವಸರದಲ್ಲಿ ಬಗ್ಗಿ ನೋಡಿ ಹೋಗುವವಳಿಗೆ ಹೇಗೆ ಕಂಡೀತು ಎಂದುಕೊಂಡ. ತಿಥಿಯ ಫೋಟೊದಲ್ಲಿ ಯಾರೋ ಊರು ಕೇರಿ ಗೊತ್ತಿಲ್ಲದ ಹೆಂಗಸು ಇರಬಾರದು. ಬ್ರಷ್ಷು ತೆಗೆದುಕೊಂಡು, ಗೋಡೆಯ ಸುಣ್ಣವನ್ನೇ ಅವಳ ಮೇಲೆ ಎಳೆದ. ಅವಳು ಹೋದಳು, ಮತ್ತೆ ಬಂದಳು. ಮತ್ತೆ ಎಳೆದ.

ಫೋಟೊ ಒಯ್ಯಲು ಬಂದ ಮುದುಕನ ಮಗ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ.

"ನಂಜುಂಡಪ್ನೋರೆ, ನಮ್ಮಪ್ಪನ ಕಿವಿ ಎಲ್ರೀ?"

ಒಂದು ಕಿವಿ ಇರಲಿಲ್ಲ. ಆ ಕಡೆಯ ಅರ್ಧ ಕೆನ್ನೆಯೂ ಇರಲಿಲ್ಲ. ಸುಣ್ಣದ ಗೋಡೆ ಮುದುಕನ ಮೂಗಿನವರೆಗೂ ಬಂದುಬಿಟ್ಟಿತ್ತು. "ಗೋಡೆ ನುಂಗ್ದಂಗೈತಲ್ರೀ ನಮ್ಮಪ್ಪನ್ನ" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಧನ್ಯಶ್ರೀ ಅಲ್ಲೇ ಕೂತು ಬೇರೆಯದನ್ನು ಮಾಡಿಕೊಟ್ಟಳು. ಹೋಗುವಾಗ ಆತ ನಂಜುಂಡಪ್ಪನ ಭುಜ ಮುಟ್ಟಿ, "ಯಾಕೆ ಕಣ್ಣಿಗೆ ತ್ರಾಸ ಕೊಡ್ತೀರಿ, ಇನ್ಮೇಲೆ ಮಗಳೇ ಮಾಡ್ಲಿ ಬುಡಿ" ಎಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ತಪ್ಪು ಭೂತಗನ್ನಡಿಯದ್ದೇ ಎಂದು ನಂಜುಂಡಪ್ಪ ತೀರ್ಮಾನಿಸಿದ. ರೀಲಿನ ಕಾಲದಲ್ಲಿ ಮರೆತು ಒಂದೇ ಫಿಲಂ ಮೇಲೆ ಎರಡು ಸಲ ಹೊಡೆದರೆ, ಮದುವಣಗಿತ್ತಿಯ ಎದೆಯ ಮೇಲೆ ಇನ್ಯಾರದೋ ಮನೆಯ ಹಸು ನಿಂತಿರುತ್ತಿತ್ತು. ಇದೂ ಅಂಥದ್ದೇ. ಹಿಂದೆ ತಿದ್ದಿದ ಯಾವುದೋ ಫೋಟೊ ಒಳಗೆ ಉಳಿದುಕೊಂಡು ಇದರ ಜೊತೆ ಬೆರೆಯುತ್ತಿದೆ. ಹಾಗೆಂದು ಮಗಳ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ, ಸಾಫ್ಟ್‌ವೇರ್ ಮಾಡಿದವರಿಗೆ ಕಳಿಸಿದ. ಅವರ ಪೈಕಿ ಒಬ್ಬಳು ತಿಪಟೂರಿನಲ್ಲೇ ಇದ್ದಳು. ಯೋಗಿತಾ ಎಂದು ಹೆಸರು. ನಾನೇ ಬಂದು ನೋಡುತ್ತೇನೆ ಎಂದಳು.

ಬಂದವಳು ಹೊಸಿಲಿನ ಮುಂದಿನ ಮೆಟ್ಟಿಲನ್ನು ಕಾಲಿನಲ್ಲಿ ತಡವಿ ನೋಡಿಕೊಂಡು ಒಳಗೆ ಹತ್ತಿದಳು. ಹುಟ್ಟಿನಿಂದಲೇ ಅವಳಿಗೆ ದೃಷ್ಟಿ ಮಂದ, ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು. "ನಂಗೂ ಇದಿಲ್ದೆ ಒಂದಕ್ಷರ ಓದಕ್ಕಾಗಲ್ಲ ಸಾರ್. ಅದಕ್ಕೇ ಇದರ ತಪ್ಪು ಯಾರು ಹೇಳಿದ್ರೂ ಹುಡುಕ್ಕೊಂಡು ಬತ್ತೀನಿ" ಎಂದು ನಕ್ಕಳು.

ಹೆಂಗಸಿನ ವಿಷಯ ಹೇಳಿದಾಗ ನಗಲಿಲ್ಲ. ಮುಖ ಎಷ್ಟು ದೊಡ್ಡದಿತ್ತು, ಬಣ್ಣ ಇತ್ತೇ, ಚೌಕದ ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲುತ್ತಿತ್ತೇ, ಎಂದು ಒಂದೊಂದೇ ಕೇಳಿದಳು. ನಂಜುಂಡಪ್ಪ ಎಲ್ಲ ಹೇಳಿದ, ಒಂದನ್ನು ಬಿಟ್ಟು. ಆವತ್ತು ಬೆಳಿಗ್ಗೆ ಅದೇ ಹೆಂಗಸು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ, ತೆಂಗಿನ ಮರದ ಬುಡದಲ್ಲಿ ನಿಂತಿದ್ದಳು. ಅದನ್ನು ಹೇಳಿದರೆ ತಪ್ಪು ಸಾಫ್ಟ್‌ವೇರಿನದ್ದಾಗಿ ಉಳಿಯುತ್ತಿರಲಿಲ್ಲ.

ಯೋಗಿತಾ ಮಧ್ಯಾಹ್ನವೆಲ್ಲ ಅವನ ಪಕ್ಕದಲ್ಲಿ ಕೂತು, ಅವನು ಕೆಲಸ ಮಾಡುವುದನ್ನು ನೋಡಿದಳು. ಆಮೇಲೆ, "ತಪ್ಪಂತೂ ಇದೆ ಸಾರ್" ಎಂದಳು. "ಫೋಟೊ ಅಂದ್ರೆ ಚುಕ್ಕಿ ತಾನೆ? ದೊಡ್ಡದು ಮಾಡಿದಾಗ ಚುಕ್ಕಿ ಚುಕ್ಕಿ ನಡುವೆ ಜಾಗ ಬೀಳುತ್ತೆ. ಅದನ್ನ ಖಾಲಿ ಬಿಡಬಾರ್ದು ಅಂತ ನಮ್ಮ ಸಾಫ್ಟ್‌ವೇರು ಅಕ್ಕಪಕ್ಕ ನೋಡಿ, ಅಂದಾಜು ಮಾಡಿ, ಬಣ್ಣ ತುಂಬುತ್ತೆ. ನುಣ್ಣಗೆ ಕಾಣ್ಲಿ ಅಂತ ಮಾಡಿದ್ದು. ಆದ್ರೆ ಇಷ್ಟೊಂದು ಹಿಗ್ಗಿಸಿದ್ರೆ ನಿಜವಾಗಿ ಇರೋದಕ್ಕಿಂತ ತುಂಬಿದ್ದೇ ಜಾಸ್ತಿ ಆಗ್ಬಿಡುತ್ತೆ."

"ಹಂಗಾದ್ರೆ ಅವ್ಳನ್ನ ಇದೇ ತುಂಬಿರೋದು?"

"ಮುಖ ತುಂಬೋವಷ್ಟು ಬುದ್ಧಿ ಇದಕ್ಕಿಲ್ಲ. ಸುಣ್ಣದ ಕಲೆ ಮುಖದ ಥರ ಕಂಡಿರ್ಬೋದೇನೋ. ಮೊದ್ಲು ಇದನ್ನ ಸರಿ ಮಾಡ್ತೀನಿ, ಆಮೇಲೆ ನೋಡೋಣ." ಹೊರಡುವಾಗ ಇನ್ನೊಂದು ಕೇಳಿದಳು. "ನೀವು ಯಾವಾಗ್ಲೂ ಕತ್ತು ಹಂಗೇ ತಿರುಗಿಸ್ಕೊಂಡು ಕೂರ್ತೀರಾ? ನೋಯಲ್ವಾ?"

ನೋಯುತ್ತಿತ್ತು. ಯಾರೂ ಕೇಳಿರಲಿಲ್ಲ.

ಕೆಲವು ವಾರಗಳ ಮೇಲೆ ಅವಳು ಹೊಸದನ್ನು ತಂದು ಹಾಕಿಕೊಟ್ಟಳು. ಈಗ ಚುಕ್ಕಿ ಚುಕ್ಕಿಯಾಗಿಯೇ ಹಿಗ್ಗುತ್ತಿತ್ತು, ನಡುವೆ ಯಾವ ಅಂದಾಜೂ ಇಲ್ಲ. ಮೌಸ್ ಸರಿದರೆ ಚೌಕ ಎಗರಿ ಬೀಳುತ್ತಿರಲಿಲ್ಲ, ಹಿಂದೆಯೇ ಮೆಲ್ಲಗೆ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನೋಡಬೇಕಾದ್ದು ಇನ್ನು ಚೌಕದ ನಟ್ಟನಡುವೆ ಬರಬೇಕಾಗಿರಲಿಲ್ಲ. ನಂಜುಂಡಪ್ಪನಿಗೆ ಚೆನ್ನಾಗಿ ಕಾಣುವ ಮೂಲೆ ಯಾವುದೆಂದು ಒಮ್ಮೆ ತೋರಿಸಿಕೊಟ್ಟರೆ ಸಾಕು, ಅದನ್ನು ಅಲ್ಲಿಗೇ ತಂದು ನಿಲ್ಲಿಸುತ್ತಿತ್ತು. ನೆಟ್ಟಗೆ ಕೂತು ಕೆಲಸ ಮಾಡಿದ ಮೊದಲ ದಿನ, ಅವನು ಮಗಳನ್ನು ಕರೆದು ಕತ್ತು ತೋರಿಸಿದ, ಹೊಸ ಅಂಗಿ ತೋರಿಸುವವನಂತೆ.

ಆ ವಾರವೆಲ್ಲ ಹೆಂಗಸು ಬರಲಿಲ್ಲ. ಮುಂದಿನ ವಾರ ಬಂದಳು. ಈ ಸಲ ಸೊಂಟದ ಎತ್ತರದ ಎರಡು ಮಕ್ಕಳು ಅವಳ ಸೀರೆ ಹಿಡಿದುಕೊಂಡಿದ್ದವು.

ಈಗ ನಂಜುಂಡಪ್ಪ ನಿಜವಾಗಿ ಹೆದರಿದ. ಇಷ್ಟು ದಿನ ತಪ್ಪನ್ನು ಹೊರಿಸಲು ಒಂದು ಯಂತ್ರವಿತ್ತು. ಅದರ ತಪ್ಪನ್ನು ಆ ಹುಡುಗಿ ತೊಳೆದಿಟ್ಟಂತೆ ತೆಗೆದಿದ್ದಳು. ಇನ್ನು ಉಳಿದದ್ದು ತಾನು ಮತ್ತು ಸತ್ತವರು. ಇಷ್ಟು ವರ್ಷ ಅವರ ಮುಖಗಳನ್ನು ತನಗೆ ತೋಚಿದ ಹಾಗೆ ತುಂಬಿದವನು ತಾನು. ಯಾರ ಹುಬ್ಬನ್ನೋ ಯಾರಿಗೋ ಇಟ್ಟಿದ್ದೆನೇ? ಅವಳು ಅದನ್ನು ಕೇಳಲು ಬಂದಿದ್ದಾಳೆಯೇ? ಕಂಪ್ಯೂಟರಿನಲ್ಲಿ ಉಳಿದಿದ್ದ ಹೆಂಗಸರ ಫೋಟೊಗಳನ್ನೆಲ್ಲ ತೆರೆದು, ಒಂದೊಂದನ್ನೂ ಹಿಗ್ಗಿಸಿ ಹುಡುಕಿದ. ಅವಳು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. ಹುಡುಕುವಾಗ ಪಕ್ಕದಲ್ಲೇ ನಿಂತಿದ್ದಳು.

ಸಂಜೆ ಹಿತ್ತಲಿಗೆ ಹೋಗುವುದನ್ನು ಬಿಟ್ಟ. ಊಟಕ್ಕೆ ಕೂತವನು ತಟ್ಟೆಯ ಆಚೆ ಏನನ್ನೋ ನೋಡಿ ಕೈ ತೊಳೆದುಕೊಳ್ಳುತ್ತಿದ್ದ. ಧನ್ಯಶ್ರೀ ಕೇಳಿದರೆ, "ಹಸಿವಿಲ್ಲ ಕಣವ್ವ" ಎನ್ನುತ್ತಿದ್ದ. ಕೊನೆಗೆ ಯೋಗಿತಾಗೆ ಫೋನ್ ಮಾಡಿ, "ಹೊಸದ್ರಲ್ಲೂ ಅದೇ ತೊಂದ್ರೆ ಕಣಮ್ಮ" ಎಂದ.

ಅವಳು ಬಂದಳು. ಈ ಸಲ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಅವನ ಪಕ್ಕದ ಸ್ಟೂಲಿನ ಮೇಲೆ ಕೂತು, "ಈಗ ಕಾಣ್ತಾ ಇದಾಳಾ ಸಾರ್?" ಎಂದು ಕೇಳಿದಳು.

"ಅವ್ಳೆ."

ಯೋಗಿತಾ ಕೈ ಚಾಚಿ ಪರದೆಯ ಸ್ವಿಚ್ಚು ಆರಿಸಿದಳು. "ಈಗ?"

ಕಪ್ಪು ಪರದೆಯ ಮೇಲೆ ಕೆಂಪು ಸೆರಗು ಇನ್ನೂ ಹೊಳೆಯುತ್ತಿತ್ತು. ಸ್ಟುಡಿಯೋದ ಬಾಗಿಲಾಚೆ ಯಾರೋ ಬೈಕ್ ಒದ್ದು ಸ್ಟಾರ್ಟ್ ಮಾಡಿಕೊಂಡು ಹೋದರು.

"ಇದಾಳೆ ಅಲ್ವಾ?"

"ಅವ್ಳೆ ಕಣಮ್ಮ" ಎಂದ ಮೆಲ್ಲಗೆ.

"ಕಣ್ಣು ಮುಚ್ಕೊಳ್ಳಿ."

ಮುಚ್ಚಿದ. ರೆಪ್ಪೆಯ ಒಳಗೆ ಬರೀ ಕತ್ತಲು. "ಈಗಿಲ್ಲ" ಎಂದ. ಅವನ ದನಿಯೇ ಅವನಿಗೆ ಯಾರದೋ ಅನ್ನಿಸಿತು.

ಯೋಗಿತಾ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ಮೊದ್ಲೇ ಹಿಂಗೆ ಕೇಳ್ಬೇಕಿತ್ತು ನಾನು. ಸಾಫ್ಟ್‌ವೇರ್ ತಪ್ಪು ಹುಡುಕೋದ್ರಲ್ಲಿ ಇದು ಹೊಳೀಲಿಲ್ಲ. ಸಾರ್, ಇದು ನಿಮಗೊಬ್ರಿಗೇ ಅಲ್ಲ. ಇದನ್ನ ಬಳಸೋರಲ್ಲಿ ಒಬ್ರಿಗೆ ಎಲ್ಲಿ ನೋಡಿದ್ರೂ ಇಟ್ಟಿಗೆ ಗೋಡೆ ಕಾಣುತ್ತೆ. ಇನ್ನೊಬ್ರಿಗೆ ರುಮಾಲು ಸುತ್ಕೊಂಡ ಗೇಣುದ್ದದ ಜನ. ನನ್ ಮೇಲೆ ನಂಬಿಕೆ ಬಂದ ಮೇಲೆ, ಬೇರೆ ಯಾರ್ಗೂ ಹೇಳ್ಬೇಡಿ ಅಂತ ಇಬ್ರೂ ನಂಗೆ ಹೇಳಿದ್ರು. ಡಾಕ್ಟ್ರಿಗೆ ಇದು ಗೊತ್ತು, ಇದಕ್ಕೊಂದು ಹೆಸರೂ ಇದೆ. ಕಣ್ಣಿನ ನಡುಭಾಗದಿಂದ ತಲೆಗೆ ಏನೂ ಬರ್ತಾ ಇಲ್ಲ. ತಲೆ ಆ ಜಾಗ ಖಾಲಿ ಬಿಡಲ್ಲ, ತಾನೇ ತುಂಬುತ್ತೆ. ಅದಕ್ಕೇ ಅವಳು ಅಷ್ಟು ಸ್ಪಷ್ಟ. ದೆವ್ವ ಅಲ್ಲ, ಹುಚ್ಚೂ ಅಲ್ಲ."

"ಹಂಗಾದ್ರೆ ಅವ್ಳು ಯಾರು?"

"ಯಾರೂ ಅಲ್ಲ ಸಾರ್."

ಈ ಮಾತಿನಿಂದ ಸಮಾಧಾನ ಆಗಬೇಕಿತ್ತು. ನಂಜುಂಡಪ್ಪ ತೊಡೆಯ ಮೇಲೆ ಅಂಗೈ ಉಜ್ಜುತ್ತ ಕೂತ.

"ತಲೆ ತುಂಬೋದೇ ಆದ್ರೆ" ಎಂದ ಕೊನೆಗೆ, "ನಮ್ಮ ಮನೆಯೋಳ್ನ ಯಾಕೆ ತುಂಬಲ್ಲ? ಯಾವುದೋ ಗುರುತಿಲ್ಲದ ಹೆಂಗ್ಸು ಬಂದು ದಿನಾ ನಿಂತ್ಕತಾಳೆ. ನಮ್ಮೋಳು ಹೋಗಿ ಇಷ್ಟು ವರ್ಷ ಆಯ್ತು, ಒಂದು ಸಲಾನೂ ಯಾಕೆ ಬರಲ್ಲ?"

ಯೋಗಿತಾ ಗೊತ್ತಿಲ್ಲ ಎಂದೇ ಹೇಳಿದಳು.

ನಂಜುಂಡಪ್ಪನ ಹೆಂಡತಿ ಸಿದ್ದಗಂಗಮ್ಮ ಜ್ವರ ಬಂದು ತೀರಿಕೊಂಡಾಗ ಧನ್ಯಶ್ರೀ ಇನ್ನೂ ಶಾಲೆಗೆ ಸೇರಿರಲಿಲ್ಲ. ಊರಿನ ಮನೆಮನೆಯ ಗೋಡೆಗೂ ಫೋಟೊ ಕೊಟ್ಟವನ ಮನೆಯಲ್ಲಿ ಅವಳದೊಂದು ಫೋಟೊ ಇರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಅಂಗೈ ಅಡ್ಡ ಹಿಡಿಯುತ್ತಿದ್ದಳು. "ಅದು ಸತ್ತೋರ್ನ ನೋಡಿರೋ ಕ್ಯಾಮೆರಾ ಕಣ್ರೀ, ನನ್ ಕಡೀಕೆ ತಿರುಗಿಸ್ಬೇಡಿ." ಅವಳ ತಂಗಿಯ ಮದುವೆಯ ಗುಂಪಿನ ಫೋಟೊ ಒಂದೇ ಉಳಿದದ್ದು. ಕೊನೆಯ ಸಾಲಿನಲ್ಲಿ, ಯಾರನ್ನೋ ಕರೆಯುತ್ತ ಅರ್ಧ ತಿರುಗಿದ ಮುಖ, ತೊಗರಿಕಾಳಿನಷ್ಟು. ಅದನ್ನು ದೊಡ್ಡದು ಮಾಡಿದರೆ ಮುಕ್ಕಾಲು ಭಾಗವನ್ನು ಅವನೇ ತುಂಬಬೇಕಾಗುತ್ತಿತ್ತು. ಬೇರೆಯವರ ಮನೆಯವರಿಗೆ ಸಲೀಸಾಗಿ ಮಾಡಿದ್ದನ್ನು ಅವಳಿಗೆ ಮಾಡಲು ಕೈ ಬಂದಿರಲಿಲ್ಲ.

ಯೋಗಿತಾ ಬಸ್ಸು ಹತ್ತಿದ ಮೇಲೆ ಅವನು ಆ ಫೋಟೊ ತೆರೆದ. ತಲೆಗೆ ತುಂಬುವುದು ಗೊತ್ತಿದ್ದರೆ, ತುಂಬಲು ಸರಿಯಾದ ಜಾಗವನ್ನೇ ಕೊಟ್ಟು ನೋಡೋಣ ಎಂದು. ಹಿಗ್ಗಿಸುತ್ತ ಹೋದ. ತೊಗರಿಕಾಳು ಅಂಗೈಯಾಯಿತು, ಪರದೆಯಾಯಿತು. ಕಂದು, ಹಳದಿ, ಕಪ್ಪು ಚೌಕಗಳು ಗಾರೆ ನೆಲದ ಹಾಗೆ ಒಂದರ ಪಕ್ಕ ಒಂದು. ಮೂಗು ಎಲ್ಲಿ ಮುಗಿಯಿತೋ, ತುಟಿ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಆದರೂ ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು ಕಾದ. ಬಾ, ಎಂದ ಮನಸ್ಸಿನಲ್ಲಿ.

ಬಂದದ್ದು ಕೆಂಪು ಸೆರಗು. ಸರಿಯಾಗಿ ಆ ಚೌಕಗಳ ಮೇಲೆಯೇ ಬಂದು, ರೆಪ್ಪೆ ಬಡಿಯದೆ ನಿಂತಳು.

"ನೀನಲ್ಲ! ಸರಿಯೇ ಅತ್ಲಾಗೆ!" ನಂಜುಂಡಪ್ಪ ಕಿರುಚಿದ. "ಅವ್ಳ ಮೇಲೇ ನಿಂತ್ಕೋಬೇಕಾ ನೀನು? ನನ್ ಹೆಂಡ್ತಿ ಅವಳು, ಸರಿ ಅತ್ಲಾಗೆ!"

ಧನ್ಯಶ್ರೀ ಒಳಗಿನಿಂದ ಓಡಿಬಂದಳು. ಅಪ್ಪ ಖಾಲಿ ಗಾಳಿಗೆ ಕೈ ಬೀಸುತ್ತಿದ್ದ. ಅವಳು ಆ ಕೈಗಳನ್ನು ಹಿಡಿದುಕೊಂಡಳು. ಆಗ ಅವನು ಮೊದಲಿನಿಂದ ಎಲ್ಲವನ್ನೂ ಹೇಳಿದ. ಒಗೆಯುವ ಕಲ್ಲು, ಮಕ್ಕಳು, ಯೋಗಿತಾ ಹೇಳಿದ್ದು, ಎಲ್ಲ. ಹೇಳಿ ಮುಗಿದ ಮೇಲೆ ಧನ್ಯಶ್ರೀ ಪರದೆಯ ಕಡೆ ತಿರುಗಿ, ಆ ಚೌಕಗಳನ್ನು ಬಹಳ ಹೊತ್ತು ನೋಡಿದಳು.

"ನಂಗೂ ಅವ್ವನ ಮುಖ ನೆನಪಿಲ್ಲ ಕಣಪ್ಪ" ಎಂದಳು. "ಇಷ್ಟೇ ನೆನಪಿರೋದು. ಹಿಂಗೇ, ಬಣ್ಣ ಬಣ್ಣ."

"ತುಂಬ್ಲೇನವ್ವ? ಮಾಡ್ಬೋದು. ಚೆನ್ನಾಗೇ ಬತ್ತದೆ."

"ಬ್ಯಾಡ. ಆಮೇಲೆ ನಾನು ಅದನ್ನೇ ಅವ್ವ ಅನ್ಕಂಬುಡ್ತೀನಿ. ಎಷ್ಟೈತೋ ಅಷ್ಟೇ ಇರ್ಲಿ."

ಗುಂಪಿನ ಫೋಟೊವನ್ನು ಇಡಿಯಾಗಿ, ಇದ್ದ ಅಳತೆಯಲ್ಲೇ ಕಟ್ಟಿಸಿ ನಡುಮನೆಯಲ್ಲಿ ಹಾಕಿದರು. ಬಂದವರು, ಇದು ಯಾರ ಮದುವೆ ಎಂದು ಕೇಳುತ್ತಾರೆ.

ತುಮಕೂರಿನ ಡಾಕ್ಟರನ್ನು ಮತ್ತೆ ಕಂಡರು. ಅವರೂ ಯೋಗಿತಾ ಹೇಳಿದ್ದನ್ನೇ ಹೇಳಿದರು. ಅದು ಕಂಡಾಗ ಬೆಳಕು ಹಾಕಿ, ಕಣ್ಣನ್ನು ಆಚೀಚೆ ಆಡಿಸಿದರೆ ಹೋಗುತ್ತದೆ, ಕೆಲವರಿಗೆ ಕ್ರಮೇಣ ಪೂರ್ತಿ ನಿಂತೂ ಹೋಗುತ್ತದೆ ಎಂದರು. "ಮೊದಲೇ ಯಾಕೆ ಹೇಳಲಿಲ್ಲ?" ಎಂದೂ ಕೇಳಿದರು. ನೀವು ಕೇಳಲಿಲ್ಲವಲ್ಲ ಎಂದು ನಂಜುಂಡಪ್ಪನಿಗೆ ಅನ್ನಿಸಿತು.

ಯೋಗಿತಾ ಮಾತ್ರ ಇದನ್ನು ಅಲ್ಲಿಗೇ ಬಿಡಲಿಲ್ಲ. ಮುಂದಿನ ಸಲ ಸಾಫ್ಟ್‌ವೇರ್ ತಿದ್ದಿದಾಗ ಅದರ ಸಹಾಯದ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಓದಲಾಗದವರಿಗೆ ಕೇಳಿಸುವಂತೆ ದನಿಯಲ್ಲೂ, ಕನ್ನಡದಲ್ಲಿ ಕೆಲವು ಸಾಲು ಸೇರಿಸಿದಳು. ಪರದೆಯ ಮೇಲೆ ಇಲ್ಲದ್ದು ನಿಮಗೆ ಕಾಣುತ್ತಿದೆಯೇ? ಪರದೆ ಆರಿಸಿ ನೋಡಿ. ಆಗಲೂ ಕಂಡರೆ ಹೆದರಬೇಡಿ, ಮುಚ್ಚಿಡಬೇಡಿ, ಕಣ್ಣಿನ ಡಾಕ್ಟರಿಗೆ ಹೇಳಿ. ಹೀಗೆ ಕಂಡವರೊಬ್ಬರ ಜೊತೆ ಮಾತಾಡಬೇಕೆನ್ನಿಸಿದರೆ ಈ ನಂಬರಿಗೆ ಫೋನ್ ಮಾಡಿ. ನಂಬರು ನಂಜುಂಡಪ್ಪನದು. ಕೊಡಬಹುದೇ ಎಂದು ಅವಳು ಕೇಳಿದಾಗ, "ಯಾರು ಮಾಡ್ತಾರೆ ಬುಡಮ್ಮ" ಎಂದು ಒಪ್ಪಿದ್ದ.

ಮಾಡಿದರು. ಒಂದು ಬೆಳಿಗ್ಗೆ ಧನ್ಯಶ್ರೀ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದಾಗ ಚಿಕ್ಕನಾಯಕನಹಳ್ಳಿಯಿಂದ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ, ಪಕ್ಕದ ಕೋಣೆಯಲ್ಲಿರುವವರಿಗೆ ಕೇಳಬಾರದೆಂಬಂತೆ.

"ಕುರಿ ಕಣ್ರೀ. ನಡುಮನೇಲಿ ಕುರಿ ಹಿಂಡು ಹೋಗ್ತೈತೆ, ದಿನಾ. ಗೊರಸಿನ ಸದ್ದಿಲ್ಲ, ಗಂಟೆ ಸದ್ದಿಲ್ಲ. ಸೊಸೆಗೆ ಹೇಳಿದ್ರೆ ನಿಂಬೆಹಣ್ಣು ನಿವಾಳಿಸಿ ಕೂರಿಸ್ತಾಳೆ ಅಂತ ಬಾಯ್ಬುಟ್ಟಿಲ್ಲ. ಕಂಪ್ಯೂಟ್ರಲ್ಲಿ ನಿಮ್ಮ ನಂಬರು ಹೇಳಿದ್ದು ಕೇಳ್ದೆ, ಅದಕ್ಕೆ ಮಾಡ್ದೆ."

"ಕಣ್ಣು ಮುಚ್ಚಿದ್ರೆ ಹೋಗ್ತವಾ?"

"ಹೋಗ್ತವೆ."

"ಹಂಗಾದ್ರೆ ಹೆದ್ರಬ್ಯಾಡಿ ಕಣವ್ವ. ಏನೂ ಮಾಡಲ್ಲ ಅವು." ಡಾಕ್ಟರ ಬಗ್ಗೆ, ಬೆಳಕಿನ ಬಗ್ಗೆ ತಿಳಿದದ್ದನ್ನೆಲ್ಲ ಹೇಳಿದ. ಆ ಕಡೆಯ ಉಸಿರು ನಿಧಾನಕ್ಕೆ ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ, ಗೊತ್ತಾಗಲಿಲ್ಲ.

"ನಿಮಗೇನು ಕಾಣ್ತದೆ ಯಜಮಾನ್ರೆ?" ಎಂದು ಕೇಳಿದಳು.

"ಒಬ್ಬ ಹೆಂಗ್ಸು."

"ಅಯ್ಯೋ ಶಿವನೆ. ಯಾರಂತೆ?"

ನಂಜುಂಡಪ್ಪ ತಲೆಯೆತ್ತಿದ. ಅವಳು ಬಾಗಿಲ ಹತ್ತಿರ ನಿಂತಿದ್ದಳು, ಬಿಸಿಲಿಗೆ ಬೆನ್ನು ಮಾಡಿಕೊಂಡು. ಈ ಸಲ ಮಕ್ಕಳಿರಲಿಲ್ಲ. ಅವನು ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿ, ಫೋನಿಗೆ ಅಂಗೈ ಮರೆ ಮಾಡಿ, ಅವಳಿಗೆ ಕೇಳದಂತೆ ಹೇಳಿದ.

"ಯಾರೂ ಅಲ್ವಂತೆ ಕಣವ್ವ."